ಅಜ್ಜಿ ಹಾಡಿದ ಪದ ಹುಡುಕಿದರೆ ಸಿಗಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಪತ್ರ ಬರೆದಿದ್ದರು. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ ಪ್ರಬಂಧಗಳು ಗ್ರಂಥಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿವೆ, ಅವುಗಳಿಂದ ಜನರಿಗೆ ಏನೂ ಸಿಕ್ಕಿಲ್ಲ ಎಂದು ಬೇಸರಪಟ್ಟಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಧೂಳಿನ ಮಾತು ಈಗ ಪೂರ್ತಿ ನಿಜವಲ್ಲ. ನಾನು 29 ವರ್ಷ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡಿ, ಎರಡು ವರ್ಷದ ಹಿಂದೆ ನಿವೃತ್ತಳಾದೆ. ಕೊನೆಯ 12 ವರ್ಷ ಈ ಪ್ರಬಂಧಗಳೆಲ್ಲ ನನ್ನ ಮೇಜಿನ ಮೇಲೇ ಹಾದು ಹೋಗಿವೆ. ಅವು ಎಲ್ಲಿವೆ, ಯಾರಿಗೆ ಸಿಗುತ್ತವೆ, ಕನ್ನಡದವು ಮಾತ್ರ ಯಾಕೆ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಪತ್ರ ಉದ್ದವಾಗಿದೆ. ದಯವಿಟ್ಟು ಜಾಗ ಮಾಡಿಕೊಡಿ.

ಮೊದಲು ಎಲ್ಲಿವೆ ಅನ್ನುವುದು. ಗುಜರಾತಿನ ಗಾಂಧಿನಗರದಲ್ಲಿ ಇನ್‌ಫ್ಲಿಬ್‌ನೆಟ್ ಎಂಬ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕೇಂದ್ರವಿದೆ. ದೇಶದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಒಂದಕ್ಕೊಂದು ಜೋಡಿಸುವುದು ಅದರ ಕೆಲಸ. ಅದು ನಡೆಸುವ ಶೋಧಗಂಗಾ ಎಂಬ ಜಾಲತಾಣದಲ್ಲಿ ಈಗ 5 ಲಕ್ಷಕ್ಕೂ ಜಾಸ್ತಿ ಪ್ರಬಂಧಗಳಿವೆ. ಸಾರಾಂಶ ಮಾತ್ರ ಅಂದುಕೊಳ್ಳಬೇಡಿ, ಪೂರ್ತಿ ಪ್ರಬಂಧವೇ ಇದೆ. ಓದಲು ದುಡ್ಡು ಕೊಡಬೇಕಿಲ್ಲ. ಯಾವ ಕಾಲೇಜಿಗೂ ಸೇರಿರಬೇಕಿಲ್ಲ. 2009ರಲ್ಲಿ ಯುಜಿಸಿ ಒಂದು ನಿಯಮ ತಂದು, ಪಿಎಚ್.ಡಿ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನೂ ಕೊಡಬೇಕು ಎಂದಿತು. ಅಲ್ಲಿಂದ ಈ ಕೆಲಸ ಗ್ರಂಥಾಲಯಗಳ ಪಾಲಿಗೆ ಬಂತು.

ಸಂಶೋಧಕರು ಮೊದಮೊದಲು ಸಿಡಿ ತರುತ್ತಿದ್ದರು, ಆಮೇಲೆ ಪೆನ್‌ಡ್ರೈವ್. ಮುಖಪುಟ ಒಂದು ಫೈಲು, ಗೈಡ್ ಕೊಟ್ಟ ಪ್ರಮಾಣಪತ್ರ ಇನ್ನೊಂದು, ಒಂದೊಂದು ಅಧ್ಯಾಯಕ್ಕೂ ಒಂದೊಂದು ಫೈಲು. ಹೆಸರಿನ ಮುಂದೆ 01, 02, 03 ಎಂದು ಅಂಕಿ ಇರಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ನಾವು ಪ್ರಬಂಧದ ಹೆಸರು, ಸಂಶೋಧಕರ ಹೆಸರು, ಗೈಡ್ ಹೆಸರು, ವಿಭಾಗ, ವರ್ಷ, ಹುಡುಕು ಪದಗಳು ಎಲ್ಲವನ್ನೂ ಟೈಪ್ ಮಾಡಿ ಸೇರಿಸುತ್ತಿದ್ದೆವು. ಸೇರಿಸಿದ ಮೇಲೆ ಆ ಪ್ರಬಂಧಕ್ಕೆ ಒಂದು ಕಾಯಂ ವಿಳಾಸ ಸಿಗುತ್ತದೆ. ಹ್ಯಾಂಡಲ್ ಅನ್ನುತ್ತಾರೆ. ಶೋಧಗಂಗಾದ ಹ್ಯಾಂಡಲ್‌ಗಳೆಲ್ಲ 10603 ಎಂಬ ಅಂಕಿಯಿಂದ ಶುರುವಾಗುತ್ತವೆ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ವಿಶ್ವವಿದ್ಯಾಲಯದ ವೆಬ್‌ಸೈಟನ್ನು ಹೊಸ ಗುತ್ತಿಗೆದಾರರು ಬಂದಾಗಲೆಲ್ಲ ಹೊಸದಾಗಿ ಕಟ್ಟುತ್ತಾರೆ. ಹಳೆಯ ಪಿಡಿಎಫ್‌ಗಳು ರಾತ್ರೋರಾತ್ರಿ ಕಾಣೆಯಾಗುತ್ತವೆ. ನನ್ನ ಕಣ್ಣೆದುರೇ ಮೂರು ಸಲ ಹಾಗಾಗಿದೆ. ಹ್ಯಾಂಡಲ್ ಇದ್ದದ್ದು ಮಾತ್ರ ಇದ್ದಲ್ಲೇ ಇತ್ತು.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಒಂದು ಘಟನೆ ಹೇಳುತ್ತೇನೆ.

ನನ್ನ ಸೇವೆಯ ಕೊನೆಯ ವರ್ಷ. ಜುಲೈ ತಿಂಗಳು. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ. ಬಸ್ ಕಂಡಕ್ಟರ್ ಒಬ್ಬರು ಖಾಕಿ ಅಂಗಿಯಲ್ಲೇ ಬಂದರು. ಮೂವತ್ತೈದರ ಆಸುಪಾಸಿನ ವಯಸ್ಸು. ಚಿತ್ರದುರ್ಗದ ಕಡೆಯವರು. "ಮೇಡಂ, ನಾನು ಇಲ್ಲಿ ಓದಿದವನಲ್ಲ, ಒಳಗೆ ಬರಬಹುದಾ?" ಎಂದು ಬಾಗಿಲಲ್ಲೇ ಕೇಳಿದರು. ಬನ್ನಿ, ಕೂತ್ಕೊಳ್ಳಿ ಅಂದೆ.

ಅವರು ಚಿಕ್ಕವರಿದ್ದಾಗ ಊರಿಗೆ ಒಬ್ಬ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದಿದ್ದರಂತೆ. ನಾಲ್ಕೈದು ರಾತ್ರಿ ಜಗಲಿ ಮೇಲೆ ಕೂತು ಇವರ ಅಜ್ಜಿ ಹತ್ತಿರ ಬೀಸೋ ಪದ, ಸೋಬಾನೆ ಪದ ಹಾಡಿಸಿಕೊಂಡಿದ್ದರಂತೆ. ಅಜ್ಜಿ ತೀರಿಹೋಗಿ ಬಹಳ ವರ್ಷವಾಗಿದೆ. ಫೋಟೋ ಕೂಡ ಒಂದೇ ಒಂದು, ಅದೂ ಮಸುಕು. ಮನೆಯಲ್ಲಿ ಈಗ ತಂಗಿಯ ಮಗಳ ನಾಮಕರಣ. ತೊಟ್ಟಿಲು ಕಟ್ಟುವಾಗ ಅಜ್ಜಿ ಹಾಡುತ್ತಿದ್ದ ಪದ ಯಾರಿಗೂ ಪೂರ್ತಿ ನೆನಪಿಲ್ಲ. ಯಾರೋ ಹೇಳಿದರಂತೆ, ಆ ಮೇಷ್ಟ್ರು ಅದನ್ನೆಲ್ಲ ಪಿಎಚ್.ಡಿಯಲ್ಲಿ ಬರೆದಿದ್ದಾರೆ, ಅದು ಮೊಬೈಲಲ್ಲೇ ಸಿಗುತ್ತೆ ಎಂದು. ಇವರು ಎರಡು ದಿನ ಅಜ್ಜಿಯ ಹೆಸರು, ಊರಿನ ಹೆಸರು, ಬೀಸೋ ಪದ ಅಂತೆಲ್ಲ ಕನ್ನಡದಲ್ಲಿ ಹಾಕಿ ಹುಡುಕಿದ್ದಾರೆ. ಏನೂ ಸಿಕ್ಕಿಲ್ಲ. ಬಿಡುವು ನೋಡಿಕೊಂಡು ನೇರ ನಮ್ಮ ಹತ್ತಿರ ಬಂದಿದ್ದಾರೆ.

ನಾನು ಹುಡುಕಿದೆ. ಕನ್ನಡದಲ್ಲಿ ಹಾಕಿದೆ, ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ, ಇಲ್ಲ. ಬೀಸುವ, ಬೀಸೋ, ಬೀಸುವ ಕಲ್ಲು, ಎಲ್ಲವನ್ನೂ ಬೇರೆ ಬೇರೆ ಸ್ಪೆಲಿಂಗಿನಲ್ಲಿ ಹಾಕಿ ನೋಡಿದೆ. ಅವರು ಸಂಜೆ ಬಸ್ಸಿಗೆ ಹೊರಟರು. ನಾನು ಫೋನ್ ನಂಬರ್ ತೆಗೆದುಕೊಂಡೆ. ಮೂರನೆಯ ದಿನ ಹುಡುಕು ಪೆಟ್ಟಿಗೆ ಬಿಟ್ಟು, ಕನ್ನಡ ವಿಭಾಗದ ಪಟ್ಟಿಯನ್ನು ಮೊದಲಿಂದ ಒಂದೊಂದಾಗಿ ತೆರೆದು ನೋಡುತ್ತಾ ಹೋದೆ. ಸಿಕ್ಕಿತು. 2001ರ ಪ್ರಬಂಧ. ನಮ್ಮದೇ ವಿಶ್ವವಿದ್ಯಾಲಯದ್ದು. ಹಳೆಯ ಪ್ರಬಂಧಗಳನ್ನು ಸ್ಕ್ಯಾನ್ ಮಾಡಿಸಿ ಸೇರಿಸಿದಾಗ ಇದೂ ಸೇರಿತ್ತು. ದಾಖಲೆ ತುಂಬಿದ ದಿನಾಂಕ ನೋಡಿದರೆ 2012. ಆಗ ಆ ಕೆಲಸದಲ್ಲಿ ಇದ್ದವಳು ನಾನೇ. ಅದನ್ನು ಟೈಪ್ ಮಾಡಿದ್ದು ನನ್ನ ಕೈಯೇ.

ಅನುಬಂಧದ ಪುಟ ತೆರೆದೆ. ವಕ್ತೃಗಳ ವಿವರ. ಜಾನಪದ ಓದಿದವರಿಗೆ ಗೊತ್ತು, ಹಾಡಿದವರನ್ನು, ಕಥೆ ಹೇಳಿದವರನ್ನು ವಕ್ತೃಗಳು ಅನ್ನುತ್ತಾರೆ. ಕ್ರಮ ಸಂಖ್ಯೆ 17. ಅಜ್ಜಿಯ ಹೆಸರು, ಊರು. ವಯಸ್ಸು 68. ಕಸುಬು ಕೂಲಿ. ವಿದ್ಯಾಭ್ಯಾಸ ಎಂಬ ಕಡೆ ಒಂದು ಅಡ್ಡಗೆರೆ. ಹಾಡಿದ ಪದಗಳು 31.

ಅವರಿಗೆ ಫೋನ್ ಮಾಡಿದೆ. ಮುಂದಿನ ವಾರ ತಾಯಿಯನ್ನು ಕರೆದುಕೊಂಡು ಬಂದರು. ಪ್ರಿಂಟ್ ತೆಗೆದು ಕೊಟ್ಟೆ. ಆ ತಾಯಿಗೆ ಓದು ಬರುವುದಿಲ್ಲ. ಮಗ ಮೊದಲ ಸಾಲು ಓದಿದರು, ಎರಡನೆಯ ಸಾಲನ್ನು ಆ ತಾಯಿ ಕಾಗದ ನೋಡದೇ ಹೇಳಿದರು. ಮೂರನೆಯದನ್ನು ಮಗ ಓದಿದರು. ನಾಲ್ಕನೆಯದಕ್ಕೆ ಆಕೆ ದನಿ ತೆಗೆದು ಹಾಡಿಯೇ ಬಿಟ್ಟರು. ರೆಫರೆನ್ಸ್ ವಿಭಾಗದಲ್ಲಿ ಓದುತ್ತಿದ್ದ ಹುಡುಗರೆಲ್ಲ ತಲೆ ಎತ್ತಿ ನೋಡಿದರು. ಯಾರೂ ಸುಮ್ಮನಿರಿ ಅನ್ನಲಿಲ್ಲ.

ಅವತ್ತು ಮನೆಗೆ ಹೋಗುವಾಗ ನನಗೆ ಖುಷಿಗಿಂತ ನೋವೇ ಜಾಸ್ತಿ ಇತ್ತು. ಆ ಪ್ರಬಂಧ ಹತ್ತು ವರ್ಷದಿಂದ ಎಲ್ಲರಿಗೂ ತೆರೆದೇ ಇತ್ತು. ಅಮೆರಿಕದಲ್ಲಿ ಕೂತವರೂ ಓದಬಹುದಿತ್ತು. ಹಾಡಿದವರ ಮೊಮ್ಮಗನಿಗೆ ಮಾತ್ರ ಸಿಗಲಿಲ್ಲ. ಕನ್ನಡದಲ್ಲಿ ಹುಡುಕಿದ್ದೇ ಅದಕ್ಕೆ ಕಾರಣ.

ಯಾಕೆ ಹೀಗಾಯಿತು ಎಂದು ಬಿಡಿಸಿ ಹೇಳುತ್ತೇನೆ. ಕನ್ನಡ ಪ್ರಬಂಧದ ಹೆಸರನ್ನು ನಾವು ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತಿದ್ದೆವು. ಯಾರೂ ಹಾಗೆ ಮಾಡಿ ಅನ್ನಲಿಲ್ಲ, ಕನ್ನಡದಲ್ಲಿ ಹಾಕಿ ಅಂತಲೂ ಅನ್ನಲಿಲ್ಲ. ಅಭ್ಯಾಸವಾಗಿ ಹೋಗಿತ್ತು. ಜಾನಪದ ಅನ್ನುವ ಪದವನ್ನೇ ನೋಡಿ. 'ಜಾ' ಬರೆಯಲು ಒಬ್ಬರು ಒಂದು 'ಎ' ಹಾಕುತ್ತಾರೆ, ಇನ್ನೊಬ್ಬರು ಎರಡು. 'ದ' ಬರೆಯಲು ಕೆಲವರು ಬರೀ 'ಡಿ' ಹಾಕಿದರೆ ಕೆಲವರು ಅದರ ಪಕ್ಕ 'ಎಚ್' ಸೇರಿಸುತ್ತಾರೆ. ಒಂದು ಸಲ ನಾನೇ ಎರಡು ಪ್ರಬಂಧಕ್ಕೆ ಎರಡು ರೀತಿ ಹಾಕಿದ್ದೆ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದ. ಹುಡುಕು ಪದ ಎಂಬ ಜಾಗದಲ್ಲಿ ಆ ಪ್ರಬಂಧಕ್ಕೆ ಇಂಗ್ಲಿಷಿನಲ್ಲಿ ಜಾನಪದ ಸಾಹಿತ್ಯ ಅಂತ ಎರಡು ಪದ ಹಾಕಿ ಮುಗಿಸಿದ್ದೆ. ಬೀಸೋ ಪದ ಇಲ್ಲ, ತಾಲ್ಲೂಕಿನ ಹೆಸರಿಲ್ಲ.

ಇನ್ನು ಒಳಗಿನ ಪುಟಗಳು. 2001ರದ್ದು ಸ್ಕ್ಯಾನ್ ಮಾಡಿದ್ದು, ಅಂದರೆ ಪುಟದ ಚಿತ್ರ. ಅದರಲ್ಲಿ ಕಂಪ್ಯೂಟರಿಗೆ ಅಕ್ಷರವೇ ಕಾಣುವುದಿಲ್ಲ. ಹೊಸ ಪ್ರಬಂಧಗಳಾದರೂ ಸರಿ ಇವೆಯಾ ಎಂದು ನೋಡಿದರೆ ಅಲ್ಲಿ ಇನ್ನೊಂದು ತೊಂದರೆ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಪಿಡಿಎಫ್‌ಗಳು. ಕಣ್ಣಿಗೆ ಮುದ್ದಾದ ಕನ್ನಡ. ಒಳಗೆ ಇರುವುದೇ ಬೇರೆ. ಒಂದು ದಿನ ಅಂಥ ಪಿಡಿಎಫ್‌ನಿಂದ 'ಕನ್ನಡ' ಅನ್ನುವ ಮೂರಕ್ಷರವನ್ನೇ ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿದೆ. ಬಂದದ್ದು ಏನು ಗೊತ್ತಾ? ಇಂಗ್ಲಿಷಿನ ಒಂದು 'ಪಿ', ತಲೆ ಮೇಲೆ ಓರೆ ಗೀಟಿರುವ ಒಂದು 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಹಿಂದೆ ಇನ್ನೂ ನಾಲ್ಕು ಚಿತ್ರವಿಚಿತ್ರ ಗುರುತು. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಹುಡುಕುವ ಯಂತ್ರಕ್ಕೆ ಅದು ಪೌಂಡ್ ಚಿಹ್ನೆಯೇ. ಐದಾರು ವರ್ಷ ಕಷ್ಟಪಟ್ಟು ಬರೆದ 300 ಪುಟದ ಪ್ರಬಂಧದಲ್ಲಿ ಒಂದೇ ಒಂದು ಕನ್ನಡ ಪದ ಹುಡುಕಿದರೂ ಸಿಗುವುದಿಲ್ಲ ಅಂದರೆ ಎಂಥ ಸಂಕಟ ಅಲ್ವಾ?

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಯಾವ ಫಾಂಟ್ ಇದ್ದರೂ ಒಂದೊಂದು ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಏರ್ಪಾಡು ಅದು. ಶೋಧಗಂಗಾ ನಡೆಯುವುದು ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದು ಕನ್ನಡ ಲಿಪಿಯನ್ನು ಚೆನ್ನಾಗಿಯೇ ಒಪ್ಪುತ್ತದೆ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ತಪ್ಪು ಮಾಡುತ್ತದೆ, ಒತ್ತಕ್ಷರದಲ್ಲಿ ಎಡವುತ್ತದೆ. ಆದರೂ ಹುಡುಕಲು ಬೇಕಾದಷ್ಟು ಸಿಕ್ಕೇ ಸಿಗುತ್ತದೆ. ಸಾಧನಗಳೆಲ್ಲ ಇವೆ. ಕೂತು ಮಾಡುವವರು ಬೇಕು.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಶೋಧಗಂಗಾ ಬರುವ ಮೊದಲೇ, 2000ದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ವಿದ್ಯಾನಿಧಿ ಎಂಬ ಯೋಜನೆ ಶುರುವಾಯಿತು. ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ ಶಾಲಿನಿ ಅರಸ್ ಅದರ ಮುಂದಾಳು. ಭಾರತದ ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಒಂದೆಡೆ ಸೇರಿಸುವುದು ಅದರ ಆಸೆ. ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ, ಯೂನಿಕೋಡ್‌ನಲ್ಲಿ ಇಡುವ ಕೆಲಸವನ್ನೂ ಅವರು ಆಗಲೇ ಮಾಡಿದರು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇ-ಪ್ರಿಂಟ್ಸ್ ಎಂಬ ಭಂಡಾರ ಶುರುವಾಯಿತು. ತನ್ನ ವಿಜ್ಞಾನಿಗಳ ಲೇಖನಗಳನ್ನು ಎಲ್ಲರಿಗೂ ತೆರೆದಿಟ್ಟ ದೇಶದ ಮೊದಲ ಸಾಂಸ್ಥಿಕ ಭಂಡಾರ ಅದು. ನಮ್ಮ ನಾಡಿನ ಗ್ರಂಥಪಾಲಕರು, ಗ್ರಂಥಾಲಯ ವಿಜ್ಞಾನದ ಮೇಷ್ಟ್ರುಗಳು ದೇಶಕ್ಕೇ ದಾರಿ ತೋರಿಸಿದವರು. ಅಷ್ಟು ಮುಂಚೆ ಕನ್ನಡ ಲಿಪಿಯಲ್ಲಿ ಮಾಡಿ ತೋರಿಸಿದ್ದನ್ನು ಆಮೇಲೆ ಯಾಕೆ ಕೈಬಿಟ್ಟೆವು ಎಂದು ನನ್ನನ್ನೂ ಸೇರಿಸಿ ಕೇಳುತ್ತಿದ್ದೇನೆ.

ಕಂಡಕ್ಟರ್ ಅವರ ಇನ್ನೊಂದು ಪ್ರಶ್ನೆ ಉಳಿದುಕೊಂಡಿತ್ತು. "ಮೇಡಂ, ಅಜ್ಜಿ ದನಿ ಸಿಗುತ್ತಾ?" ಸಂಶೋಧಕರ ಫೋನ್ ನಂಬರನ್ನು ಹೇಗೋ ಪತ್ತೆ ಮಾಡಿದೆ. ಅವರೂ ನಿವೃತ್ತರು. ಪಾಪ, ಬಹಳ ನೊಂದುಕೊಂಡು ಹೇಳಿದರು. 22 ಕ್ಯಾಸೆಟ್‌ಗಳಿದ್ದವಂತೆ. ಟ್ರಂಕಿನಲ್ಲಿ ಇಟ್ಟಿದ್ದರಂತೆ. ಎರಡು ಸಲ ಮನೆ ಬದಲಿಸಿದ ಮೇಲೆ ತೆಗೆದು ನೋಡಿದರೆ ಟೇಪಿಗೆಲ್ಲ ಬೂಷ್ಟು ಹಿಡಿದಿತ್ತಂತೆ. ವಿಶ್ವವಿದ್ಯಾಲಯಕ್ಕೆ ಕೊಡೋಣ ಎಂದರೆ ತೆಗೆದುಕೊಳ್ಳುವವರು ಯಾರು, ಇಡುವುದೆಲ್ಲಿ ಎಂದು ಯಾರೂ ಹೇಳಲಿಲ್ಲವಂತೆ. ಪ್ರಬಂಧ ಬಂದರೆ ಸಾಕು, ಕ್ಯಾಸೆಟ್ ಯಾಕೆ ಎಂಬ ಕಾಲ ಅದು. ಈಗಲೂ ಅದೇ ಕಾಲ. ಕ್ಷೇತ್ರಕಾರ್ಯದ ಆಡಿಯೋ, ಫೋಟೋ, ಟಿಪ್ಪಣಿ ಪುಸ್ತಕ ಎಲ್ಲ ಸಂಶೋಧಕರ ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ ಇರುತ್ತವೆ. ಮೊಬೈಲ್ ಕೆಟ್ಟರೆ ಮುಗಿಯಿತು. ಪ್ರಬಂಧದ ಜೊತೆಗೇ ಇವನ್ನೂ ಗ್ರಂಥಾಲಯಕ್ಕೆ ಒಪ್ಪಿಸಿ ಎಂದು ಒಂದು ಸಾಲು ನಿಯಮ ಬರೆದುಕೊಂಡರೆ ಸಾಕು. ಇಡಲು ಜಾಗ ಕೇಳಿದರೆ ಒಂದು ಸರ್ವರ್, ಅದರ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ. ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಎಲ್ಲವನ್ನೂ ತೆರೆದಿಡಿ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳ ಬಗ್ಗೆ ಒಂದು ಪ್ರಬಂಧ ಬಂತು. ಅನುಬಂಧದಲ್ಲಿ ಅವರ ಹೆಸರು, ಊರು, ಕೆಲವರ ಕಾಯಿಲೆಯ ವಿವರ ಎಲ್ಲ ಇತ್ತು. ಕಪಾಟಿನಲ್ಲಿದ್ದಾಗ ಹತ್ತು ಜನ ನೋಡುತ್ತಿದ್ದರೇನೋ. ಜಾಲತಾಣದಲ್ಲಿ ಹಾಕಿದರೆ ಅವರ ಮಕ್ಕಳ ಶಾಲೆಯವರೂ ನೋಡಬಹುದು. ನಾನು ಫೈಲನ್ನು ತಡೆದು, ಗೈಡ್ ಮತ್ತು ಸಂಶೋಧಕಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆ. ಹೆಸರಿನ ಜಾಗದಲ್ಲಿ ಅಂಕಿ ಹಾಕಿ, ಊರು ತೆಗೆದು, ಆಮೇಲೆ ಸೇರಿಸಿದೆವು. ಇದನ್ನು ಯಂತ್ರ ಮಾಡುವುದಿಲ್ಲ. ಪ್ರಬಂಧವನ್ನು ಬಿಡಿಸಿ ನೋಡುವ ಗ್ರಂಥಪಾಲಕರೇ ಮಾಡಬೇಕು. ಅಂಥ ಹುದ್ದೆಗಳೇ ಖಾಲಿ ಬಿದ್ದಿವೆ. ನಾನು ಹೋದ ಮೇಲೆ ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಪ್ರಬಂಧ ಆನ್‌ಲೈನ್ ಹಾಕಿದರೆ ಕದಿಯುತ್ತಾರೆ ಎಂಬ ಭಯ ಹಲವರಿಗಿದೆ. ನನ್ನ ಅನುಭವ ಬೇರೆ. ಕಪಾಟಿನಲ್ಲಿ ಮುಚ್ಚಿಟ್ಟಿದ್ದ ಕಾಲದಲ್ಲೇ ಕದಿಯುವುದು ಸುಲಭವಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ನಕಲು ಪತ್ತೆ ಮಾಡುವ ತಂತ್ರಾಂಶ ಇದೆ. ಆದರೆ ಪುಟದ ಚಿತ್ರವನ್ನಷ್ಟೇ ಹಾಕಿದ ಕನ್ನಡ ಪ್ರಬಂಧದಲ್ಲಿ ಆ ತಂತ್ರಾಂಶಕ್ಕೆ ಓದಲು ಏನೂ ಇರುವುದಿಲ್ಲ. ಕಷ್ಟಪಟ್ಟು ಬರೆದ ಕನ್ನಡ ಸಂಶೋಧಕರಿಗೆ ಅಲ್ಲೂ ರಕ್ಷಣೆ ಇಲ್ಲ.

ಇನ್ನು ಮೇಷ್ಟ್ರುಗಳ ವಿಷಯ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಬಂತು ಅಂದರೆ ವಿಭಾಗಗಳಲ್ಲಿ ಹಬ್ಬದ ಮನೆಯ ಗಡಿಬಿಡಿ. ಪ್ರಕಟಣೆಗಳ ಪಟ್ಟಿ ಕೊಡಿ, ಮೊದಲ ಪುಟದ ಜೆರಾಕ್ಸ್ ಕೊಡಿ. ವರ್ಷದ ವರದಿಗೆ ಮತ್ತೆ ಕೊಡಿ. ಬಡ್ತಿಗೆ ಮತ್ತೆ ಕೊಡಿ. ಅದೇ ಕಾಗದ, ಅದೇ ಸಹಿ. ಇದನ್ನು ತಪ್ಪಿಸಲು ಸಂಶೋಧನಾ ಮಾಹಿತಿ ವ್ಯವಸ್ಥೆ ಎಂಬುದಿದೆ. ಒಬ್ಬ ಅಧ್ಯಾಪಕರ ಲೇಖನ, ಪುಸ್ತಕ, ಯೋಜನೆ, ಮಾರ್ಗದರ್ಶನ ಎಲ್ಲ ಒಂದೇ ಕಡೆ. ಒಂದು ಸಲ ತುಂಬಿದರೆ ಬೇಕಾದಾಗ ಬೇಕಾದ ರೀತಿ ತೆಗೆದುಕೊಳ್ಳಬಹುದು. ಇನ್‌ಫ್ಲಿಬ್‌ನೆಟ್ ಪಂಜಾಬಿನ ಕೇಂದ್ರೀಯ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ ಐರಿನ್ಸ್ ಅಂಥದ್ದು. ಸಂಸ್ಥೆಗಳಿಗೆ ಅದು ಉಚಿತ. ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆಯೂ ಅದಕ್ಕೆ ಜೋಡಿಯಾಗುತ್ತದೆ. ನಮ್ಮಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ ಇರುವ ಮೂವರು ಮಂಜುನಾಥರಿದ್ದರೆ ಯಾರ ಲೇಖನ ಯಾರದ್ದು ಎಂದು ಹೇಳುವುದು ಈ ಸಂಖ್ಯೆಯೇ. ಬಹಳ ಒಳ್ಳೆಯ ಏರ್ಪಾಡು. ನಾನು ಮನಸಾರೆ ಮೆಚ್ಚಿದ್ದೇನೆ.

ಆದರೆ ಅದು ಲೇಖನಗಳನ್ನು ತಾನಾಗಿ ಎಳೆದು ತರುವುದು ಸ್ಕೋಪಸ್‌ನಂಥ ಅಂತರರಾಷ್ಟ್ರೀಯ ಪಟ್ಟಿಗಳಿಂದ. ರಸಾಯನಶಾಸ್ತ್ರದವರ ಪುಟ ತೆರೆದರೆ ಬಣ್ಣಬಣ್ಣದ ನಕ್ಷೆ. ನಮ್ಮಲ್ಲಿ ಒಬ್ಬ ಕನ್ನಡ ಪ್ರಾಧ್ಯಾಪಕರಿದ್ದರು. ಶಾಸನಗಳ ಮೇಲೆ ಜೀವನವಿಡೀ ಕೆಲಸ ಮಾಡಿದವರು. ಅವರ ಪುಟ ತೆರೆದರೆ ಲೇಖನ 0, ಉಲ್ಲೇಖ 0. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಹಾಗಾದರೆ ನಾನು ಏನೂ ಮಾಡಿಲ್ಲವಾ ಅಮ್ಮಾ?" ಎಂದರು. ಮಾರನೆಯ ದಿನ ಬಟ್ಟೆ ಚೀಲದ ತುಂಬ ಹಳೆಯ ಸಂಚಿಕೆಗಳನ್ನು ಹೊತ್ತು ತಂದರು. ನಾಲ್ಕು ಮಧ್ಯಾಹ್ನ ನಾವಿಬ್ಬರೂ ಕೂತೆವು. ಅವರು ಪುಟ ಸಂಖ್ಯೆ ಓದುವುದು, ನಾನು ಟೈಪ್ ಮಾಡುವುದು. 62 ಲೇಖನ ಆಯಿತು. ಹೆಸರೆಲ್ಲ ಕನ್ನಡ ಲಿಪಿಯಲ್ಲೇ ಹಾಕಿದೆ. ಆ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು.

ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳಿಲ್ಲವೇ? ಪ್ರಬುದ್ಧ ಕರ್ನಾಟಕ ಶುರುವಾದದ್ದು 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ಆಮೇಲೆ ಮೈಸೂರು ವಿಶ್ವವಿದ್ಯಾಲಯ ಅದನ್ನು ನಡೆಸಿತು. ಬೇರೆ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ಪತ್ರಿಕೆ ತಂದಿವೆ, ಕಡಿಮೆ ಬೆಲೆಗೆ ಪುಸ್ತಕ ಮಾಡಿವೆ, ಹಳ್ಳಿಗಳಿಗೆ ಹೋಗಿ ಉಪನ್ಯಾಸ ಕೊಡಿಸಿವೆ. ತಿಳಿದದ್ದನ್ನು ಜನರಿಗೆ ಮುಟ್ಟಿಸುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಆ ಪತ್ರಿಕೆಗಳ ಒಂದೊಂದು ಲೇಖನವನ್ನೂ ಅದರ ಹೆಸರಿನಲ್ಲೇ, ಬರೆದವರ ಹೆಸರಿನಲ್ಲೇ ಭಂಡಾರಕ್ಕೆ ಸೇರಿಸಿದರೆ ಕನ್ನಡ ಮೇಷ್ಟ್ರುಗಳ ಪುಟ ಸೊನ್ನೆಯಾಗಿ ನಿಲ್ಲುವುದಿಲ್ಲ. ಕನ್ನಡ ವಿಕಿಪೀಡಿಯಕ್ಕೆ ಬರೆಯುವ ಹುಡುಗರು ನನ್ನನ್ನು ಕೇಳುತ್ತಲೇ ಇರುತ್ತಿದ್ದರು, ಈ ಕೆರೆಯ ಬಗ್ಗೆ, ಆ ವೀರಗಲ್ಲಿನ ಬಗ್ಗೆ ಆಧಾರ ಕೊಡಿ ಎಂದು. ಆಧಾರ ನಮ್ಮ ಕಪಾಟಿನಲ್ಲೇ ಇರುತ್ತಿತ್ತು. ಕೊಂಡಿ ಮಾತ್ರ ಇರುತ್ತಿರಲಿಲ್ಲ.

ದುಡ್ಡಿನ ಮಾತು ಬಂದೇ ಬರುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ದೇಶ ಒಂದು ಚಂದಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300 ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಒಳ್ಳೆಯದೇ ಆಯಿತು. ನಮ್ಮಂಥ ಕಡೆ ಒಂದು ಪತ್ರಿಕೆಗೆ ಚಂದಾ ಕಟ್ಟಲು ಎಷ್ಟು ಕಡತ ಓಡಾಡುತ್ತಿತ್ತು ಎಂದು ನಾನು ಬಲ್ಲೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಗೆ ಈಗ ದೊಡ್ಡ ಪತ್ರಿಕೆಗಳು ಸಿಗುತ್ತಿದ್ದರೆ ಅದಕ್ಕಿಂತ ಸಂತೋಷವಿಲ್ಲ. ಆದರೂ ಅದು ಚಂದಾ. ಕಟ್ಟಿದಷ್ಟು ದಿನ ಬಾಗಿಲು ತೆರೆದಿರುತ್ತದೆ. ನಿವೃತ್ತರಾದ ನಮಗೆ, ಖಾಸಗಿ ಕಾಲೇಜಿನವರಿಗೆ, ಕಂಡಕ್ಟರಿಗೆ ಅದು ಸಿಗುವುದಿಲ್ಲ. ನಮ್ಮ ಅಧ್ಯಾಪಕರೇ ಬರೆದ ಲೇಖನದ ಕೊನೆಯ ಕರಡನ್ನು ಭಂಡಾರದಲ್ಲಿ ಹಾಕಿದರೆ ಎಲ್ಲರಿಗೂ ಶಾಶ್ವತವಾಗಿ ಸಿಗುತ್ತದೆ. "ಪ್ರಕಾಶಕರು ಕೇಸ್ ಹಾಕಿದರೆ ಮೇಡಂ?" ಎಂದು ಹೆದರುತ್ತಿದ್ದರು. ಬಹಳಷ್ಟು ಪ್ರಕಾಶಕರು ಇಂತಿಷ್ಟು ತಿಂಗಳ ನಂತರ ಕರಡು ಹಾಕಲು ಒಪ್ಪುತ್ತಾರೆ. ಯಾವ ಪತ್ರಿಕೆಗೆ ಯಾವ ನಿಯಮ ಎಂದು ನೋಡಿ ಹೇಳಲು ಓಪನ್ ಪಾಲಿಸಿ ಫೈಂಡರ್ ಎಂಬ ಜಾಲತಾಣವಿದೆ, ಮೊದಲು ಅದರ ಹೆಸರು ಶೆರ್ಪಾ ರೋಮಿಯೋ ಎಂದಿತ್ತು. ಅದನ್ನು ನೋಡಿ ಹೇಳುವುದು ಗ್ರಂಥಪಾಲಕರಿಗೆ ಐದು ನಿಮಿಷದ ಕೆಲಸ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ ಎರಡೂ ತಮ್ಮ ದುಡ್ಡಿನಲ್ಲಿ ನಡೆದ ಸಂಶೋಧನೆಯ ಲೇಖನಗಳನ್ನು ಹೀಗೆ ತೆರೆದಿಡಬೇಕು ಎಂದು 2014ರಲ್ಲೇ ನೀತಿ ಮಾಡಿವೆ.

ಹಾಗಾಗಿ ನಮ್ಮ ವಿಶ್ವವಿದ್ಯಾಲಯಗಳನ್ನು, ಉನ್ನತ ಶಿಕ್ಷಣ ಇಲಾಖೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕನ್ನಡ ಪ್ರಬಂಧದ ಹೆಸರು, ಸಾರಾಂಶ, ಹುಡುಕು ಪದ ಕನ್ನಡ ಲಿಪಿಯಲ್ಲಿ ಇಲ್ಲದಿದ್ದರೆ ಫೈಲನ್ನು ತೆಗೆದುಕೊಳ್ಳಬೇಡಿ. ಯೂನಿಕೋಡ್ ಅಲ್ಲದ ಪಿಡಿಎಫ್ ತಂದರೆ ವಾಪಸು ಕಳಿಸಿ. ಡಿಟಿಪಿ ಅಂಗಡಿಯವರು ಒಂದೇ ತಿಂಗಳಲ್ಲಿ ಕಲಿತುಕೊಳ್ಳುತ್ತಾರೆ, ನೋಡಿ ಬೇಕಾದರೆ. ಹಳೆಯ ದಾಖಲೆಗಳನ್ನು ಸರಿಪಡಿಸುವ ಕೆಲಸವನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಿ. ಪ್ರತಿ ವರ್ಷ ಅವರು ಸುಮ್ನೆ ಪ್ರಶ್ನಾವಳಿ ಹಂಚಿ ಶೇಕಡಾವಾರು ಲೆಕ್ಕ ಹಾಕುವ ಬದಲು ಒಬ್ಬೊಬ್ಬರು 50 ಪ್ರಬಂಧದ ವಿವರ ಸರಿ ಮಾಡಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಹಲವು ಕಡೆ ಕಂಪ್ಯೂಟರ್ ಬಂದಿವೆ. ಅಲ್ಲಿಯ ಮೇಲ್ವಿಚಾರಕರಿಗೆ ಶೋಧಗಂಗಾದಲ್ಲಿ ತಮ್ಮ ತಾಲ್ಲೂಕಿನ ಪ್ರಬಂಧ ಹುಡುಕುವುದನ್ನು ಅರ್ಧ ದಿನ ಕೂರಿಸಿ ಕಲಿಸಿ. ಊರಿನ ಕೆರೆ, ಗುಡಿ, ಹಾಡು, ಬೆಳೆ ಬಗ್ಗೆ ಯಾರೋ ಪಿಎಚ್.ಡಿ ಮಾಡಿದ್ದಾರೆ ಎಂದು ಊರಿಗೇ ಗೊತ್ತಿರುವುದಿಲ್ಲ.

ಆ ಅಜ್ಜಿಯ ಹಾಡಿರುವ ಪ್ರಬಂಧದ ದಾಖಲೆಗೆ ತಿದ್ದುಪಡಿ ಕೇಳಿ ನಿವೃತ್ತಿಗೆ ಹನ್ನೊಂದು ದಿನ ಮೊದಲು ಪತ್ರ ಬರೆದೆ. ಹೆಸರು ಕನ್ನಡದಲ್ಲಿ. ಹುಡುಕು ಪದಗಳಲ್ಲಿ ಬೀಸೋ ಪದ, ಸೋಬಾನೆ, ತೊಟ್ಟಿಲ ಪದ, ತಾಲ್ಲೂಕಿನ ಹೆಸರು. ಅದು ಮುಗಿದ ಮೇಲೆ ನಮ್ಮ ಕನ್ನಡ ವಿಭಾಗದ ಉಳಿದ ಪ್ರಬಂಧಗಳನ್ನೂ ಒಂದೊಂದಾಗಿ ನೋಡುತ್ತಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈಗಿನ ದಾಖಲೆಯಲ್ಲಿ ಏನಿದೆ, ಏನಿರಬೇಕು ಎಂದು ಎರಡು ಸಾಲಿನಲ್ಲಿ. 143 ಪ್ರಬಂಧ ಆಗಿದೆ. ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ನಮ್ಮ ಜಿಲ್ಲೆಯ ಯಾವ ವಿಶ್ವವಿದ್ಯಾಲಯ, ಯಾವ ಕಾಲೇಜು ಕರೆದರೂ ಬರುತ್ತೇನೆ. ಸಂಬಳ ಬೇಡ. ಮಂಗಳವಾರ, ಗುರುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ ಬಿಡುವಿದೆ. ಒಂದು ಕಂಪ್ಯೂಟರ್, ಜೊತೆಗೆ ಕನ್ನಡ ಟೈಪಿಂಗ್ ಬರುವ ಇಬ್ಬರು ಹುಡುಗರು ಸಿಕ್ಕರೆ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಗ್ರಂಥಪಾಲಕಿ,
ದಾವಣಗೆರೆ